ದೊಡ್ಡಿಯಲ್ಲಿ ಉಳಿದ ದನಗಳು

ಯುದ್ಧ ಮುಗಿದ ವರ್ಷ, ಬಿಡದೆ ಸುರಿದ ಮಳೆಗೆ ಕೆರೆಯ ಏರಿ ಬಿರುಕುಬಿಟ್ಟಾಗ ಶ್ರೀನಿವಾಸಪುರದ ಪಕ್ಕದ ಒಂದು ಹಳ್ಳಿಯ ಜನ ಬಂಡೆಯ ಮೇಲಕ್ಕೆ ಓಡಿದರು. ಬೆಳೆ ಮೇಯ್ದ ತಪ್ಪಿಗೆ ಹಿಡಿದು ಕೂಡಿಹಾಕಿದ್ದ ದನಗಳು ಮಾತ್ರ ಸರ್ಕಾರಿ ದೊಡ್ಡಿಯಲ್ಲೇ ಉಳಿದವು. ಕಾವಲುಗಾರ ಬೀಗದ ಕೈ ಸಮೇತ ಕೋಲಾರಕ್ಕೆ ಹೋಗಿದ್ದ.

ಅವುಗಳ ಕೂಗು ಕೇಳಲಾರದೆ ಅದೇ ಹಳ್ಳಿಯ ಆವಲಮ್ಮ ಬಂಡೆಯಿಂದಿಳಿದು ಹಿಂದಿರುಗಿದಳು. ಎತ್ತುಗಳಿಗೆ ಲಾಳ ಕಟ್ಟುವ ನಬೀ ಸಾಬ್ ಸುತ್ತಿಗೆ ಹಿಡಿದು ಜೊತೆಗೆ ಬಂದ.

"ಸರ್ಕಾರದ ಬೀಗ ಕಣಮ್ಮ, ಒಡೆದ್ರೆ ಜೈಲೇ," ಎಂದ.

"ಜೈಲಿಗೆ ಆಮೇಲೆ ಹೋಗೋಣ, ಈಗ ಹೊಡಿ ಸಾಬಣ್ಣ!"

ಬೀಗ ಒಡೆದರೂ ಬೆದರಿದ ದನಗಳು ಕದಲಲಿಲ್ಲ. ಆವಲಮ್ಮ ಒಂದು ಎಳೆಗರುವನ್ನು ಹೆಗಲಿಗೇರಿಸಿಕೊಂಡು ನಡೆದಳು. ತಾಯಿಹಸು ಅಂಬಾ ಎನ್ನುತ್ತಾ ಹಿಂದೆ ಬಂತು. ಉಳಿದವೂ ಅದನ್ನು ಹಿಂಬಾಲಿಸಿದವು. ಅವರು ಬಂಡೆ ಹತ್ತುವಷ್ಟರಲ್ಲಿ ಏರಿ ಒಡೆದು ದೊಡ್ಡಿ ನೀರಿನಲ್ಲಿ ಮುಳುಗಿತು.

"ಸದ್ಯ, ಒಂದೂ ಹಿಂದೆ ಉಳೀಲಿಲ್ಲ," ಎಂದು ಆವಲಮ್ಮ ಒದ್ದೆ ಸೆರಗು ಹಿಂಡುತ್ತಾ ಕುಳಿತಳು. ಕರು ಆಗಲೇ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತ್ತು.