ಬೀಜಾಡಿಗೆ ಬಂದ ಕಿಟ್ಟ ಮತ್ತು ದೇವು

ಈ ಮೂಲಕ ಬೀಜಾಡಿ, ಕೋಟೇಶ್ವರ ಹಾಗೂ ಸುತ್ತಮುತ್ತಲಿನ ಸಮಸ್ತ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ೨೦೧೩ನೇ ಇಸವಿ ಮೇ ತಿಂಗಳ ಎರಡನೇ ಬುಧವಾರ, ಮಧ್ಯಾಹ್ನ ಒಂದೂವರೆ ಗಂಟೆಯ ಶುಭಮುಹೂರ್ತದಲ್ಲಿ, ನಮ್ಮ ಮನೆಯ ಟೀವಿಯ ಮೇಲಿದ್ದ ಪ್ಲಾಸ್ಟಿಕ್ ಗುಲಾಬಿಯನ್ನು ನಾಲ್ಕು ಇಂಚು ಸರಿಸಿ, ಆ ಜಾಗದಲ್ಲಿ ಒಂದು ಪುಸ್ತಕವನ್ನು ಪ್ರತಿಷ್ಠಾಪಿಸಲಾಯಿತು. ಸಮಾರಂಭದಲ್ಲಿ ನಾನು ಮತ್ತು ಬೆಕ್ಕು ಉಪಸ್ಥಿತರಿದ್ದೆವು. ಬೆಕ್ಕು ವಂದನಾರ್ಪಣೆಗೆ ಮುಂಚೆಯೇ ಎದ್ದು ಹೋಯಿತು.

ಪುಸ್ತಕ ಜಪಾನಿನದು. ಅಲ್ಲಿ ಚಿತ್ರಕತೆಗಳಿಗೆ ಮಾಂಗಾ ಅನ್ನುತ್ತಾರೆ. ಅದರಲ್ಲೇ ಬಾಯ್ಸ್ ಲವ್ ಅಂತ ಒಂದು ಬಗೆ. ಹುಡುಗ ಹುಡುಗನನ್ನೇ ಪ್ರೀತಿಸುವ ಕತೆಗಳು. ಬರೆಯುವವರಲ್ಲೂ ಓದುವವರಲ್ಲೂ ಹೆಂಗಸರೇ ಹೆಚ್ಚಂತೆ. ಆ ಹೆಚ್ಚಿನವರಲ್ಲಿ ಬೀಜಾಡಿಯ ಹರಿಣಾಕ್ಷಿ, ಅಂದರೆ ನಾನು, ಒಬ್ಬಳು. ಕೋಟೇಶ್ವರದಲ್ಲಿ ಮಂಜಯ್ಯನವರ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಎದುರು ಕೂತು ಮದುವೆ ಕಾಗದ ಟೈಪ್ ಮಾಡುವುದು ನನ್ನ ಕೆಲಸ. ಬೆಳಿಗ್ಗೆಯೆಲ್ಲ ಊರವರ ಲಗ್ನಪತ್ರಿಕೆ. ಮಧ್ಯಾಹ್ನ ಮಂಜಯ್ಯ ಊಟಕ್ಕೆ ಹೋದ ಮೇಲೆ ಲಗ್ನವಿಲ್ಲದವರ ಪತ್ರಿಕೆ.

ಈ ಹುಚ್ಚು ಹಿಡಿದದ್ದು ಒಂದು ಫೋನಿನಿಂದ. ನನ್ನ ಅಣ್ಣ ಜಿತೇಂದ್ರ ಮುಂಬೈಯ ಹೋಟೆಲೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತಾನೆ. ಗುಲ್ವಾಡಿಯ ಪ್ರೇಮಾನಂದ ಅನ್ನುವವನೊಟ್ಟಿಗೆ ಒಂದೇ ಖೋಲಿಯಲ್ಲಿ ವಾಸ. ಮೂರು ವರ್ಷದ ಹಿಂದೆ ಒಂದು ದಿನ ಅಣ್ಣ ಫೋನ್ ಮಾಡಿದವನು ಮಳೆ, ಮೀನು, ಬೆಕ್ಕು ಎಲ್ಲ ವಿಚಾರಿಸಿ ಮುಗಿಸಿ ಹೇಳಿದ.

"ಹರಿಣಿ, ಪ್ರೇಮ ಬರೀ ರೂಮಿನವ ಅಲ್ಲ. ನಾವಿಬ್ರೂ... ಹಾಂಗೆ. ನಿಂಗೆ ಅರ್ಥ ಆಯ್ತಾ?"

ಅರ್ಥ ಆಗಿತ್ತು. ಏನು ಹೇಳಬೇಕು ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಸಾವಿರಾರು ಮದುವೆ ಕಾಗದ ಟೈಪ್ ಮಾಡಿದ ಕೈಗೆ, ಇಂಥ ಸುದ್ದಿಗೆ ಒಂದು ಸಾಲು ಹೊಳೆಯಲಿಲ್ಲ.

"ಊಟ ಆಯ್ತಾ?" ಅಂದೆ.

"ಆಯ್ತ್," ಅಂದ. ಫೋನಿಟ್ಟ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬಂದದ್ದರಲ್ಲಿ ಮುಕ್ಕಾಲು ಪಾಲನ್ನು ತೆರೆದಷ್ಟೇ ಬೇಗ ಮುಚ್ಚಿದೆ. ಉಳಿದ ಕಾಲು ಪಾಲು ನನ್ನನ್ನು ಹಿಡಿದು ಕೂರಿಸಿತು. ಒಂದು ಕತೆಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್, ಒಬ್ಬ ಕ್ಷೌರದವನು. ಪೋಸ್ಟ್‌ಮ್ಯಾನಿಗೆ ಬೇರೆ ನೆಪ ಸಿಗದೆ ವಾರವಾರ ಕೂದಲು ಕತ್ತರಿಸಿಕೊಳ್ಳುತ್ತಾನೆ. ಕತ್ತರಿಸಲು ಇನ್ನು ಏನೂ ಉಳಿದಿಲ್ಲ ಅಂತಾದಾಗ, ನೂರಾ ಎಂಬತ್ತನೇ ಪುಟದಲ್ಲಿ, ಇಬ್ಬರೂ ಕೈ ಹಿಡಿಯುತ್ತಾರೆ. ಅಷ್ಟೇ ಕತೆ. ಅವಸರ ಅನ್ನುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಬಂದರಿನ ಕತೆ. ದೋಣಿಕಟ್ಟೆಯಲ್ಲಿ ಇಬ್ಬರು ಹುಡುಗರು ಸಿಗುತ್ತಾರೆ. ಒಬ್ಬನ ಮನೆಯಂಗಳದಲ್ಲಿ ಒಣಮೀನು ಹರಡಿದೆ, ನಮ್ಮ ಅಂಗಳದ ಹಾಗೆಯೇ. ಬರೆದಾಕೆ ಒಂದೊಂದು ಮೀನಿಗೂ ಕಣ್ಣು ಬಿಡಿಸಿದ್ದಾಳೆ. ಈ ಕತೆಗಳಲ್ಲಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಕೇಳುತ್ತಾನೆ. ಆ ಕೇಳುವುದಕ್ಕೇ ಒಂದು ಇಡೀ ಪುಟ. ಮಾತಿಲ್ಲ, ಬರೀ ಒಂದು ಮುಖ. ನಾನು "ಊಟ ಆಯ್ತಾ" ತುರುಕಿದ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು.

ಆ ಪುಟ ನೋಡಿದ ದಿನವೇ ಅಣ್ಣನಿಗೆ ಫೋನ್ ಮಾಡಿದೆ.

"ಅವತ್ತ್ ನೀನ್ ಹೇಳಿದ್ದ್ ನಂಗ್ ಕೇಂಡಿತ್ತ್ ಅಣ್ಣ. ಚಂದ ಕೇಂಡಿತ್ತ್. ಪ್ರೇಮಣ್ಣಂಗೂ ಹೇಳ್."

ಚೆನ್ನಾಗಿ ಕೇಳಿಸಿತು ಅಂದದ್ದಕ್ಕೆ ಅಣ್ಣ ಒಂದು ಪುಟದಷ್ಟು ಹೊತ್ತು ಮಾತಾಡಲಿಲ್ಲ.

ಅಲ್ಲಿಂದ ಮೂರು ವರ್ಷ ನೆಮ್ಮದಿ. ಕೆಟ್ಟದ್ದು ಹೆಮ್ಮಾಡಿಯ ಗಿರಿಜಕ್ಕನಿಂದ. ಗಿರಿಜಕ್ಕ ಅಮ್ಮನ ಹಾಗೆಯೇ ಮೀನು ಮಾರುವವರು, ಅಮ್ಮನಿಗೆ ಜೀವದ ಗೆಳತಿ, ಮಾತಿಗೆ ಇಳಿದರೆ ಮೀನಿಗಿಂತ ಮೊದಲು ಗಂಡು ಹೆಣ್ಣಿನ ಜೋಡಿಯನ್ನೇ ತೂಗುವವರು. ತನ್ನ ಅಕ್ಕನ ಮಗಳನ್ನು ಅಣ್ಣನಿಗೆ ತರಬೇಕೆಂದು ಹಟ ಹಿಡಿದರು. ಅಣ್ಣ ಊರಿಗೆ ಬಂದ ದಿನ ಹನ್ನೊಂದು ಜನ ಎರಡು ಓಮ್ನಿಯಲ್ಲಿ ಬರುವುದು, ಹುಡುಗಿಯನ್ನೂ ಕರೆತರುವುದು, ಕಾಯಿ ಹೂ ಎಲ್ಲ ಅವರದ್ದೇ, ನಮ್ಮದು ಬರೀ ಚಾ ಮತ್ತು ಒಪ್ಪಿಗೆ. ಇಷ್ಟು ದೊಡ್ಡ ಯೋಜನೆಗೆ ಅಮ್ಮ ಇನ್ನೂ "ಕಾಂಬ", ಅಂದರೆ ನೋಡೋಣ, ಅಂತಷ್ಟೇ ಹೇಳಿದ್ದರು.

ಸುದ್ದಿ ಅಣ್ಣನಿಗೆ ಮುಟ್ಟಿಸಿದೆ. ಅವನು ಹೇಳಿದ:

"ಹತ್ತೊಂಬತ್ತಕ್ಕೆ, ಐತ್ವಾರ, ನಾನೂ ಪ್ರೇಮನೂ ಬತ್ತ್. ಅಮ್ಮನ ಹತ್ರ ಹೇಳಿ ಬಿಡ್ತೆ. ಇನ್ ಆತಿಲ್ಲೆ ನನ್ ಹತ್ರ."

ಅಂದರೆ ಅಮ್ಮನಿಗೆ ನನ್ನ ಗತಿ ಆಗಬಾರದು. ಅಣ್ಣ ಹೇಳುವ ಹೊತ್ತಿಗೆ ಅಮ್ಮನಿಗೆ ಕೇಳುವ ಅಭ್ಯಾಸ ಆಗಿರಬೇಕು. ಹಾಗಾಗಿ ನನ್ನದೂ ಒಂದು ದೊಡ್ಡ ಯೋಜನೆ ತಯಾರಾಯಿತು. ಬಂದರಿನ ಕತೆಯ ಇನ್ನೂರು ಪುಟ ಪ್ರಿಂಟ್ ತೆಗೆದು, ಮಾತಿನ ಗುಳ್ಳೆಗಳಲ್ಲಿದ್ದ ಇಂಗ್ಲಿಷನ್ನು ಬಿಳಿ ಶಾಯಿಯಲ್ಲಿ ಅಳಿಸಿ, ಮೇಲೆ ನಮ್ಮ ಕುಂದಾಪ್ರ ಕನ್ನಡ ಬರೆಯುವುದು. ಅಮ್ಮ ಸುಗುಣ, ಏಳನೇ ಕ್ಲಾಸು. ಮೀನು ಕಟ್ಟುವ ಪೇಪರನ್ನೂ ಪೂರ್ತಿ ಓದಿಯೇ ಕಟ್ಟುವವರು. ಎದುರಿಗೆ ಇಟ್ಟರೆ ಸಾಕು, ಓದುತ್ತಾರೆ.

ಜಪಾನಿ ಹೆಸರು ಅಮ್ಮನ ಬಾಯಿಗೆ ಹಿಡಿಸದು ಅಂತ ಹುಡುಗರಿಗೆ ಕಿಟ್ಟ, ದೇವು ಅಂತ ನಾಮಕರಣ ಮಾಡಿದೆ. ಅನುವಾದ ಅನ್ನುವುದರಲ್ಲಿ ವಾದವೇ ಜಾಸ್ತಿ ಅಂತ ಆಗಲೇ ಗೊತ್ತಾದದ್ದು. ಮಳೆಯಲ್ಲಿ ಕಿಟ್ಟ ತನ್ನ ಕೊಡೆ ಕೊಡುವ ಪುಟ ಸಲೀಸಾಗಿ ಬಂತು.

"ಕೊಡೆ ನೀನ್ ಹಿಡ್ಕೊ."

"ನೀನ್?"

"ನಾನ್ ಒದ್ದೆ ಆದ್ರೆ ಯಾರಿಗ್ ಎಂತ ಆತ್ತ್?"

"ನಂಗ್ ಆತ್ತ್."

ಆದರೆ ಪ್ರೀತಿ ಹೇಳುವ ಪುಟಕ್ಕೆ ಬಂದಾಗ ಪೆನ್ನು ನಿಂತಿತು. "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ಬರೆದರೆ ದೇವು ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ನಿಂತ ಹಾಗೆ ಕಂಡ. ನಮ್ಮ ಕಡೆ ಹಾಗೆ ಯಾರು ಯಾರಿಗೆ ಹೇಳಿದ್ದಾರೆ? ಎರಡು ದಿನ ಒದ್ದಾಡಿ, ಐದು ಸಲ ಅಳಿಸಿ, ಕಾಗದವೇ ತೂತಾಗುವ ಹೊತ್ತಿಗೆ ಬರೆದೆ: "ನೀನ್ ಇಲ್ದಿರೆ ನಂಗ್ ಉಂಬುಕೇ ಸೇರುದಿಲ್ಲೆ." ದೇವು ಮನುಷ್ಯನಾದ.

ಬೈಂಡಿಂಗಿಗೆ ಕೊಟ್ಟಾಗ ಮಂಜಯ್ಯ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು.

"ಎಂತ ಹೆಣೆ ಇದ್? ಯಾರ್ ಮದಿ ಕಾಗ್ದ ಇಷ್ಟ್ ದಪ್ಪ?"

"ಜಪಾನಿನವ್ರದ್ದ್ ಮಾರ್ರೆ."

"ಹೌದಾ! ಗಂಡಿನ ಹೆಸ್ರ್?"

"ಕಿಟ್ಟ."

"ಹೆಣ್ಣಿಂದ್?"

"ದೇವು."

"ದೇವಕಿ ಆಯ್ಕ್. ಒಳ್ಳೆ ಜೋಡಿ," ಅಂತ ಆಶೀರ್ವಾದ ಮಾಡಿ ಸ್ಪೈರಲ್ ಹಾಕಿ ಕೊಟ್ಟರು. ಬಂಧುಬಾಂಧವರು ಹರಸದ ಜೋಡಿಗೆ ಬೈಂಡಿಂಗಿನವರಾದರೂ ಹರಸಿದರಲ್ಲ ಅಂದುಕೊಂಡೆ.

ಹೀಗೆ ಬುಧವಾರ ಪುಸ್ತಕ ಟೀವಿ ಏರಿತು. ಗುರುವಾರ ಮಧ್ಯಾಹ್ನ ಮಾರ್ಕೆಟಿನಿಂದ ಬಂದು ಮಿಂದು ಉಂಡ ಅಮ್ಮ ಅದನ್ನು ಕೈಗೆತ್ತಿಕೊಂಡರು.

"ಇದೆಂತ ಪುಸ್ತ್ಕ?"

"ಕತೆ. ಓದ್ಲಕ್ಕ್."

ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಪರೀಕ್ಷೆಯ ಕೋಣೆಗೆ ಮಾಸ್ತರು ಪದೇ ಪದೇ ಬರಬಾರದು. ಮರುದಿನ ಅನ್ನ ಬಡಿಸುವಾಗ ಅಮ್ಮನೇ ಬಾಯಿ ಬಿಟ್ಟರು.

"ಅಲ್ಲ ಹೆಣೆ, ಆ ಕಿಟ್ಟ ಬಂಗ್ಡಿ ಕೊಯ್ಯುದ್ ಕಂಡ್ಯಾ? ಮೀನಿಗೇ ನಾಚ್ಕಿ ಆಯ್ಕ್."

ಅಂಗಳದ ಒಣಮೀನಿನ ಪುಟಕ್ಕೆ ಬಂದಿದ್ದಾರೆ, ಅಲ್ಲೆಲ್ಲೋ ಮೀನು ಕೊಯ್ಯುವ ಚಿತ್ರ ಇರಬೇಕು ಅಂದುಕೊಂಡು ಖುಷಿಪಟ್ಟೆ. ಅಮ್ಮ ಪುಟದ ಗುರುತಿಗೆ ಒಂದು ಬಸ್ ಟಿಕೇಟು ಸಿಕ್ಕಿಸಿಡುತ್ತಿದ್ದರು. ಅವರಿಲ್ಲದಾಗ ನಾನು ಹೋಗಿ ಅದರ ಪ್ರಗತಿ ನೋಡುತ್ತಿದ್ದೆ. ಮಂಗಳವಾರ ಟಿಕೇಟು ಸರಿಯಾಗಿ ಪುಸ್ತಕದ ನಡುವಿಗೆ ಬಂದಿತ್ತು. ಅಮ್ಮ ಓದುತ್ತಾ ಒಬ್ಬರೇ ನಗುತ್ತಿದ್ದರು.

"ಹೇಂಗಿತ್ತ್ ಅಮ್ಮ?"

"ಮಾತಾಡ್ಸ್ಬೇಡ. ಮುಗೀಲಿ, ಹೇಳ್ತೆ."

ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಅಣ್ಣ ಮತ್ತು ಪ್ರೇಮಣ್ಣ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿಯುವವರು. ಅಮ್ಮ ಜಗಲಿಯಲ್ಲಿ ಕೂತಿದ್ದರು. ಪುಸ್ತಕ ಮಡಿಲಲ್ಲಿತ್ತು, ಟಿಕೇಟು ಕೆಳಗೆ ಬಿದ್ದಿತ್ತು. ಕಣ್ಣು ಕೆಂಪಾಗಿತ್ತು. ಬಂದರಿನ ಕತೆಯ ಕೊನೆಗೆ ನಾನೂ ಅತ್ತವಳೇ. ಅದು ಸುಖದ ಅಳು. ಗೆದ್ದೆ ಅಂತಲೇ ಪಕ್ಕದಲ್ಲಿ ಕೂತೆ.

"ಎಂತ ಕತೆ ಮಾರಾಯ್ತಿ ಇದ್," ಅಂದರು ಅಮ್ಮ. "ಚಂದ ಇದ್ದ ಸಂಸಾರ."

"ಸಂಸಾರವಾ?"

"ಮತ್ತೆಂತ? ಒಬ್ಬ ಮೀನ್ ಕೊಯ್ತ, ಒಬ್ಬ ಪದಾರ್ಥ ಮಾಡ್ತ, ಒಂದೇ ಬಟ್ಲಂಗೆ ಉಂತ್ರ್. ಅದಕ್ಕೆ ಸಂಸಾರ ಅನ್ನದೆ ಸೊಸೈಟಿ ಅಂತ್ರಾ? ಅಷ್ಟ್ ಚಂದ ಇದ್ದವ್ರ್ ಬರ್ತಾ ಬರ್ತಾ ದೂರ ಆಯಿ, ಮಾತ್ ಕಮ್ಮಿ ಆಯಿ, ಕಡಿಗೆ ಒಬ್ಬಂಗ್ ಒಬ್ಬ ಗುರ್ತೇ ಇಲ್ಲೆ! ದೋಣಿ ಹೋತ್ತ್, ಆ ಕಿಟ್ಟ ಒಬ್ಬನೇ ಕಟ್ಟೆ ಮೇಲ್ ನಿಂತ್ಕಂಡಿದ್ದ. ಅಷ್ಟೇ ಅಂಬ್ರ್. ಮುಗೀತ್."

ಅಮ್ಮ ಸೆರಗಿನಲ್ಲಿ ಮೂಗು ಒರೆಸಿ ಮುಂದುವರಿಸಿದರು.

"ನಿಂಗ್ ಎಂತಕ್ಕೆ ಇದನ್ನ್ ಟೀವಿ ಮೇಲ್ ಇಟ್ಟದ್ ಅಂದೇಳಿ ನಂಗ್ ಗೊತ್ತಿಲ್ಲೆ ಅಂದ್ಕಂಡ್ಯಾ? ನಾನ್ ಮೀನ್ ಮಾರುವಳ್ ಹೆಣೆ. ಕಿವಿ ಎತ್ತ್‌ದ್ರೆ ಸಾಕ್, ಮೀನ್ ತಾಜಾವಾ ಹಳ್ತಾ ಗೊತ್ತಾತ್ತ್. ಎಂಟ್ ವರ್ಷದಿಂದ ಫೋನಂಗೆ ಪ್ರೇಮ ಉಂಡ, ಪ್ರೇಮ ಮನ್ಕಂಡ, ಪ್ರೇಮಂಗೆ ಜ್ವರ. ನಿನ್ನಣ್ಣಂಗೆ ಬೇರೆ ಸುದ್ದಿ ಇತ್ತಾ?"

"ಹಂಗಾರೆ ನಿಂಗೆ..."

"ಅವ ಯಾರೊಟ್ಟಿಗೆ ಇದ್ದ ಅಂದೇಳಿ ನಂಗ್ ಹೆದ್ರಿಕೆ ಇಲ್ಲೆ. ಕಡಿಗೆ ಯಾರಿದ್ರ್ ಅಂದೇಳಿ ಹೆದ್ರಿಕೆ. ಗಿರ್ಜಂಗೆ ಇಷ್ಟ್ ದಿನ ಕಾಂಬ ಕಾಂಬ ಅಂತಿದ್ದದ್ ಅದಕ್ಕೇ. ಈ ಪುಸ್ತ್ಕ ಓದ್ದೆ, ಗೊತ್ತಾಯ್ತ್. ಇಂಥದ್ ನಿಲ್ಲುದಿಲ್ಲೆ. ಜಿತು ಒಬ್ಬನೇ ಕಟ್ಟೆ ಮೇಲ್ ನಿಲ್ಲುದ್ ನಂಗ್ ಕಾಂಬುಕಾತಿಲ್ಲೆ. ಅದಕ್ಕೆ ಈಗ ಫೋನ್ ಮಾಡಿ ನಾಳಿಕೆ ಹತ್ತ್ ಗಂಟಿಗೆ ಬನಿ ಅಂದೆ."

ಅಂದರೆ ನನ್ನ ಎರಡು ವಾರದ ಬಿಳಿ ಶಾಯಿ, ಹನ್ನೊಂದು ಜನರನ್ನು ಎರಡು ಓಮ್ನಿಯಲ್ಲಿ ಹತ್ತಿಸಿತ್ತು. ಹೀಗಾದದ್ದು ಹೇಗೆ ಅಂತ ಅಮ್ಮನ ಮಡಿಲು ನೋಡಿದೆ. ಪುಸ್ತಕದ ಸ್ಪೈರಲ್ ಅಮ್ಮನ ಎಡಗೈ ಕಡೆಗಿತ್ತು.

ಎಲ್ಲ ಪುಸ್ತಕಗಳದ್ದೂ ಹಾಗೆಯೇ ಇರುವುದು. ಜಪಾನಿನದು ಮಾತ್ರ ಬಲದಿಂದ ಶುರು. ಮೊದಲ ಪುಟ ನಮ್ಮ ಕೊನೆಯ ಪುಟದ ಜಾಗದಲ್ಲಿ. ಮೂರು ವರ್ಷ ಓದಿ ನನಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮಂಜಯ್ಯನವರಿಗೆ ಬಲಕ್ಕೇ ಸ್ಪೈರಲ್ ಹಾಕಲು ಹೇಳಿದ್ದೆ. ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ "ಸೂಚನೆ: ಬಲದಿಂದ ಎಡಕ್ಕೆ ಓದಿ" ಅಂತಲೂ ಬರೆದಿದ್ದೆ. ಸೂಚನೆ ಬೇಕಾದವರಿಗೆ ಅದು ಇನ್ನೂರು ಪುಟ ಆದ ಮೇಲೆ ಸಿಗುತ್ತದೆ ಅನ್ನುವುದು ಹೊಳೆದಿರಲಿಲ್ಲ. ಅಮ್ಮ ಆ ಇಬ್ಬರ ಸಂಸಾರದಿಂದ ಶುರು ಮಾಡಿ, ಅವರು ಅಪರಿಚಿತರಾಗುವವರೆಗೆ ಓದಿದ್ದರು.

"ಅಮ್ಮ, ನೀನ್ ಹಿಂದಿಂದ ಓದಿದ್ದ್!"

"ಯಾರ್ ಹೇಳ್ದ್ರ್?"

"ಇಲ್ಲ್ ಸೂಚನೆ ಬರ್ದಿದ್ದೆ ಕಾಣ್."

"ಸೂಚನೆ ಎಲ್ಲ ಯಾರ್ ಓದ್ತ್ರ್?" ಅಂದ ಅಮ್ಮ ಪುಸ್ತಕವನ್ನು ಮಗುಚಿ ಹಿಡಿದರು. "ಅದಕ್ಕಾ ಮೊದ್ಲ್ ಉತ್ತರ, ಮತ್ತೆ ಪ್ರಶ್ನೆ? ನಾನ್ ಅಂದ್ಕಂಡೆ ಅವ್ರ್ ದೇಶದಂಗೆ ಹಾಂಗೇ ಮಾತಾಡ್ತ್ರೇನೋ ಅಂದೇಳಿ." ಕಟ್ಟೆಯ ಮೇಲೆ ಕಿಟ್ಟ ನಿಂತ ಚಿತ್ರಕ್ಕೆ ಬೆರಳಿಟ್ಟರು. "ಹಂಗಾರೆ ಇದ್ ಕಡೇದಲ್ದಾ?"

"ಅಲ್ಲ. ಇದೇ ಶುರು. ಅವ ದೋಣಿ ತಪ್ಸ್ಕಂಡದ್. ಮುಂದಿನ ದೋಣಿಯಂಗೆ ದೇವು ಬತ್ತ."

ಅಮ್ಮ ನನ್ನ ಮುಖ ನೋಡಿದರು, ಮಾರ್ಕೆಟಿನಲ್ಲಿ ಬೇರೆಯವರ ಬುಟ್ಟಿಯ ಮೀನು ನೋಡುವ ಹಾಗೆ.

"ಸುಳ್ಳ್ ಹೇಳುದಲ್ಲ ಅಲ್ದಾ?"

"ಓದಿ ಕಾಣ್."

ಎರಡನೇ ಪುಟ ತಿರುವಿದರು. ಬಲಗಡೆಯ ಗುಳ್ಳೆ ಮೊದಲು, ಎಡಗಡೆಯದು ಆಮೇಲೆ ಅಂತ ನಾನು ಬೆರಳು ಓಡಿಸಿದೆ. ಮೂರನೇ ಪುಟಕ್ಕೆ ನನ್ನ ಬೆರಳು ತಳ್ಳಿ ಅವರೇ ಓದಿಕೊಂಡರು. ನಾಲ್ಕನೆಯದರಲ್ಲಿ ದೋಣಿ ಬಂತು. ಅಮ್ಮ ದೇವು ಇಳಿಯುವುದನ್ನೇ ಬಹಳ ಹೊತ್ತು ನೋಡುತ್ತಾ ಕೂತರು. ಆಮೇಲೆ ಆ ಪುಟಕ್ಕೆ ಹೆಬ್ಬೆರಳು ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಫೋನ್ ತೆಗೆದು, ಹೆಮ್ಮಾಡಿಗೆ ಒತ್ತಿದರು.

"ಹ್ವಾಯ್ ಗಿರ್ಜ, ನಾನೇ. ನಾಳಿಕೆ ಬಪ್ಪುದ್ ಬ್ಯಾಡ... ಇಲ್ಲೆ, ಎಲ್ರೂ ಹುಶಾರಿದ್ರ್... ಬಾಡಿಗಿಗ್ ಹೇಳಿಯಾಯ್ತಾ? ಆಗ್ಲಿ, ಬ್ಯಾಡ ಅಂದೇಳಿ ಹೇಳ್... ಎಂತಕ್ಕೆ ಅಂದ್ರೆ ಒಂದ್ ಪುಸ್ತ್ಕ ಓದುಕ್ ಬಾಕಿ ಇತ್ತ್... ಹೌದ್ ಮಾರಾಯ್ತಿ, ಆಗ ಮುಗೀತ್ ಅಂದದ್ ಹೌದ್. ಉಲ್ಟಾ ಹಿಡ್ಕಂಡಿದ್ದೆ."