ಎಡಮಗ್ಗುಲಿನ ಗಾಳಿ

ಮಷೀನು ಕೊಟ್ಟರೂ ನಳಿಗೆ ಬಿಡದು. ಗಾದೆಯನ್ನು ತಿರುಚಿದ್ದು ಖರೆ, ಮುಂದಿನ ಸಂಗತಿಯನ್ನು ಎಳ್ಳಷ್ಟೂ ತಿರುಚಿಲ್ಲ.

ಯಶೋಧಾ ಸಿಸ್ಟರ್ ದರ್ಜಿಯ ಟೇಪನ್ನು ಸಿದ್ದಲಿಂಗವ್ವನ ಬೆನ್ನೆಲುಬಿನಿಂದ ಎದೆಯ ನಡುವಿನವರೆಗೆ ಹಿಡಿದು, ಮಷೀನು ಗಾಳಿ ಒತ್ತುವುದನ್ನೇ ಕಾಯುತ್ತಿದ್ದಳು. ಬಲಮಗ್ಗುಲು ಮುಕ್ಕಾಲು ಇಂಚು ಎದ್ದಿತು. ಟೇಪನ್ನು ಎಡಕ್ಕೆ ಹಿಡಿದಳು. ಎಡಮಗ್ಗುಲು ಅಲುಗಲಿಲ್ಲ.

2003ರಲ್ಲಿ ಬೈಲಹೊಂಗಲದ ಆ ಖಾಸಗಿ ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ವೆಂಟಿಲೇಟರು. ಒಟ್ಟು ಎಷ್ಟು ಗಾಳಿ ಹೋಯಿತೆಂದು ಅದು ತೋರಿಸುತ್ತಿತ್ತು, ಯಾವ ಶ್ವಾಸಕೋಶಕ್ಕೆ ಎಷ್ಟು ಎಂಬುದನ್ನಲ್ಲ. ಟೇಪು ಯಶೋಧಾಳದೇ ಏರ್ಪಾಡು. ರಾಮದುರ್ಗದಲ್ಲಿ ಅವಳ ಅಪ್ಪ ಜಟ್ಟೆಪ್ಪ ಅಂಗಿಗೆ ಅಳತೆ ತೆಗೆಯುವಾಗ ಎದೆಯ ಎರಡೂ ಮಗ್ಗುಲನ್ನು ಬೇರೆ ಬೇರೆ ಅಳೆಯುತ್ತಿದ್ದ. ಒಂದೇ ಹೆಗಲ ಮೇಲೆ ಚೀಲ ಹೊರುವ ಹಮಾಲರ ಎದೆ ಎರಡೂ ಕಡೆ ಸಮ ಇರುವುದಿಲ್ಲ ಎನ್ನುತ್ತಿದ್ದ.

ಸಿದ್ದಲಿಂಗವ್ವನನ್ನು ಎಂ.ಕೆ. ಹುಬ್ಬಳ್ಳಿಯಿಂದ ಕರೆತಂದ ನೆರೆಮನೆಯವರು, ಎಡಗಡೆಗೆ ನ್ಯುಮೋನಿಯಾ ಎಂದು ಕೇಳಿಸಿಕೊಂಡು ಸಂಜೆಯ ಬಸ್ಸು ಹತ್ತಿದವರು ತಿರುಗಿ ಬಂದಿರಲಿಲ್ಲ. ನಾಲ್ಕು ದಿನದಿಂದ ಭೇಟಿಯ ಹೊತ್ತಿಗೆ ಆ ಮಂಚದ ಬಳಿ ಯಶೋಧಾ ಒಬ್ಬಳೇ. ಅವಳಿಗೂ ಮಾತಿಗೆ ಬೇರೆ ಯಾರೂ ಇರಲಿಲ್ಲ. ಬಾಯಲ್ಲಿ ನಳಿಗೆ ಇಟ್ಟುಕೊಂಡು ಮಂಪರಿನಲ್ಲಿದ್ದ ಮುದುಕಿಗೆ ಕಂಪೌಂಡರನ ಕೆಮ್ಮು, ಬಸ್ ಕಂಡಕ್ಟರನ ರಾಗ, ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ಹಿರಿಯ ಡಾಕ್ಟರ್ ಅನ್ನಪೂರ್ಣಾ ಅವರ ಗತ್ತು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಒಬ್ಬಳಲ್ಲೇ ಹತ್ತು ಜನ ಭೇಟಿಗೆ ಬಂದು ಹೋಗುತ್ತಿದ್ದರು.

ನಿನ್ನೆ ಎಡಗಡೆ ಕಾಲು ಇಂಚಾದರೂ ಏಳುತ್ತಿತ್ತು. ಬೆಳಿಗ್ಗೆ ಚಾದರ ಬದಲಿಸಲು ಮುದುಕಿಯನ್ನು ಹೊರಳಿಸಿದ ಮೇಲೆ ಅದೂ ನಿಂತಿತ್ತು. ನಳಿಗೆ ಒಳಕ್ಕೆ ಜಾರಿ ಶ್ವಾಸನಾಳದ ಬಲಗಡೆಯ ಕವಲಿಗೆ ಸೇರಿಕೊಂಡಿರಬೇಕೆಂದು ಅವಳು ಕಿರಿಯ ಡಾಕ್ಟರ್ ಗೌರೀಶನಿಗೆ ಹೇಳಿದಳು. ಅವನು ಮಷೀನಿನ ಅಂಕಿ ನೋಡಿದ, ಸರಿ ಇತ್ತು. ಆಮ್ಲಜನಕ ಇಳಿಯುತ್ತಿರುವುದು ನ್ಯುಮೋನಿಯಾ ಹೆಚ್ಚಿದ್ದರಿಂದ ಎಂದು ಬಗೆದು, ಬೆಳಗಾವಿಗೆ ಕಳಿಸಲು ಆಂಬುಲೆನ್ಸ್ ಸಜ್ಜು ಮಾಡಿಸಿದ್ದ. ಅಷ್ಟು ದಾರಿಯನ್ನು ಮುದುಕಿ ಒಂದೇ ಶ್ವಾಸಕೋಶದಲ್ಲಿ ದಾಟಲಾರಳೆಂದು ಯಶೋಧಾಳಿಗೆ ಗೊತ್ತಿತ್ತು.

"ಒಂದು ಎಕ್ಸರೇ ತಗಸ್ರಿ ಸರ್, ಕೈ ಮುಗಿತೇನಿ."

"ಹೋದ ವಾರ ಡ್ರೈವರ್ ಯಮನಪ್ಪನ ದನಿ ತಗದು ಗಾಡಿ ಪಂಚರ್ ಅಂದ್ರಿ. ನಾ ಗಾಲಿ ಬಿಚ್ಚೂ ಪಾನಾ ಹಿಡಕೊಂಡು ಓಡಿದೆ. ಮಷೀನ್ ಮಿಮಿಕ್ರಿ ಮಾಡೂದಿಲ್ಲ ಸಿಸ್ಟರ್. ನಿಮ್ಮ ಟೇಪ್ ಮಾಡತೈತೋ ಏನೋ."

ಅನ್ನಪೂರ್ಣಾ ಸವದತ್ತಿಗೆ ಹೋಗಿದ್ದರು. ಅಲ್ಲಿಗೆ ಎರಡು ಸಲ ಫೋನು ಹಚ್ಚಿದರೂ ಸಿಗಲಿಲ್ಲ. ಯಶೋಧಾ ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ಹೋಗಿ ಬಾಗಿಲು ಎಳೆದುಕೊಂಡಳು. ವಾರ್ಡಿನ ಫೋನು ಬಡಿದುಕೊಂಡಿತು. ಗೌರೀಶನಿಗೆ ಮೊದಲು ಕೇಳಿದ್ದು ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು.

"ಗೌರೀಶ, ಮೊದಲ ಆ ಅಜ್ಜಿದು ಎಕ್ಸರೇ ತಗಸ್ರಿ. ಗಾಡಿ ನಿಲ್ಲಸ್ರಿ. ನಾ ಸವದತ್ತಿ ಬಿಟ್ಟೇನಿ."

"ಆತ್ರಿ ಮೇಡಂ," ಎಂದು ಅವನು ಕೂತಲ್ಲಿಂದ ಎದ್ದೇ ನಿಂತ.

ಇನ್ನೂ ಹಸಿ ಇದ್ದ ಎಕ್ಸರೇಯನ್ನು ಗೌರೀಶ ಕಿಟಕಿಯ ಬೆಳಕಿಗೆ ಹಿಡಿದ. ನಳಿಗೆಯ ತುದಿ ಬಲಗವಲಿನಲ್ಲಿತ್ತು. ಪಟ್ಟಿ ಬಿಚ್ಚಿ, ಎರಡು ಬೆರಳಷ್ಟು ಹಿಂದಕ್ಕೆ ಎಳೆದ. ಎಡಮಗ್ಗುಲು ತಡೆತಡೆದು ಎದ್ದಿತು. ಅರ್ಧ ಗಂಟೆಯಲ್ಲಿ ಆಮ್ಲಜನಕ ಏರಿತು, ಯಮನಪ್ಪ ಗಾಡಿಯನ್ನು ನೆರಳಿಗೆ ತಿರುಗಿಸಿದ.

ಸಂಜೆ ಅನ್ನಪೂರ್ಣಾ ಬಂದಾಗ ಗೌರೀಶ, ಹೊತ್ತಿಗೆ ಸರಿಯಾಗಿ ಫೋನು ಮಾಡಿದಿರಿ ಎಂದ. ಯಾವ ಫೋನು ಎಂದರು ಅವರು. ಯಶೋಧಾ ಎದೆಯ ಮೇಲಿನ ಹೆಸರಿನ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಈ ಕೆಲಸ ಹೋದರೆ ಅವಳಿಗೆ ದಿನಕ್ಕೊಮ್ಮೆ ಮಾತಾಡಿಸಲು ಈ ಮಂಚವೂ ಇರುವುದಿಲ್ಲ.

"ನಾನ್ರಿ ಮಾಡಿದ್ದು, ನಿಮ್ಮಂಗ ಎರಡು ಸಲ ಕೆಮ್ಮಿ," ಎಂದಳು, ತನ್ನದೇ ದನಿಯಲ್ಲಿ. ಆ ದನಿ ಇಬ್ಬರಿಗೂ ಹೊಸದೆನಿಸಿತು.

ಅನ್ನಪೂರ್ಣಾ ಎಕ್ಸರೇ ನೋಡಿದರು, ಟೇಪು ನೋಡಿದರು.

"ನಾ ಖರೇನ ಹಂಗ ಕೆಮ್ಮತೇನೇನು, ಗೌರೀಶ?"

ಅವನು ನಗು ತಡೆಯಲು ತುಟಿ ಬಿಗಿಹಿಡಿದ, ತಡೆದದ್ದು ಒಡೆಯಿತು. ಅನ್ನಪೂರ್ಣಾ ನಕ್ಕರು, ಬಾಗಿಲಲ್ಲಿದ್ದ ಆಯಾ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಗೌರೀಶ. ಸ್ಟೂಲಿನ ಮೇಲೆ ಕುಸಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕ. ಆ ಗದ್ದಲಕ್ಕೆ ಸಿದ್ದಲಿಂಗವ್ವ ಕಣ್ಣು ಬಿಟ್ಟಳು. ತನ್ನವರು ಯಾರೋ ಬಂದಿದ್ದಾರೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಲೇ ಇದ್ದಳು.