ಎರಡು ವರ್ಷದ ಅಫಿಡವಿಟ್ಟು

ಏಪ್ರಿಲ್ ಬಂದಿದ್ದರೂ ಆ ಬೆಳಿಗ್ಗೆ ಹಿಮ ಬಿಟ್ಟಿರಲಿಲ್ಲ. ಒದ್ದೆ ಹಿಮ; ಬಿದ್ದಲ್ಲೇ ಕರಗಿ ಮತ್ತೆ ಗಟ್ಟಿಯಾಗುವಂಥದ್ದು. ಲವೋನ್ ಕಾರು ನಿಲ್ಲಿಸುವಾಗ ಅವಳ ತಮ್ಮ ಡೆಲ್ಮರ್ ಚರ್ಚಿನ ಮೆಟ್ಟಿಲಿಗೆ ಹಿಮ ಕರಗಲೆಂದು ಉಪ್ಪು ಎರಚುತ್ತಿದ್ದ. ಒಳಗೆ ಅಪ್ಪ ಆರಿನ್‌ನ ಶವಪೆಟ್ಟಿಗೆ. ಮಿನೆಸೋಟದ ಈ ಸೀಮೆಯ ಕೊಟ್ಟಿಗೆ ಕೊಟ್ಟಿಗೆಗೂ ಹೋಗಿ ನಲವತ್ತು ವರ್ಷ ಡೈರಿಗೆ ಹಾಲು ಸಾಗಿಸಿದ ಲಾರಿ ಚಾಲಕ ಆತ.

"ನೋಡ್ಕೊಂಡು ಹತ್ತು ವೋನಿ, ಜಾರತ್ತೆ."

"ಬೇರೆ ಯಾರಾದ್ರೂ ಹಾಕ್ತಿದ್ರಲ್ಲೋ. ನೀನು ಮಗ ಕಣೋ."

"ಅಪ್ಪನ್ನ ಹೊರೋರು ಜಾರಬಾರ್ದಲ್ಲ," ಎಂದ ಡೆಲ್ಮರ್.

ಪಾದ್ರಿ ಊರಿಗೆ ಬಂದು ತಿಂಗಳಾಗಿತ್ತಷ್ಟೆ. ಲವೋನ್ ಬರೆದುಕೊಟ್ಟ ಹಾಳೆಯನ್ನು ನಂಬಿ ಓದಿದರು: "ನರ್ಸಿಂಗ್ ಹೋಮಿಗೆ ಸೇರುವ ಮೊದಲಿನ ಎರಡು ವರ್ಷ, ಮಗಳು ಲವೋನ್ ತಂದೆಯ ಮನೆಯಲ್ಲೇ ಇದ್ದು ಅವರ ಸೇವೆ ಮಾಡಿದರು."

ಇಡೀ ಚರ್ಚು ಕೀರ್ತನೆಯ ಪುಸ್ತಕದೊಳಗೆ ತಲೆ ತಗ್ಗಿಸಿತು. ಲವೋನಳ ಕಿವಿಗಳು ಕಾದವು. ವಕೀಲರ ಕಾಗದದಲ್ಲಿ ಹಾಗಿತ್ತು. ಇಲ್ಲಿಯೂ ಹಾಗೇ ಇರಲಿ ಎಂದು ಬರೆದಿದ್ದಳು.

*

ಹಿಂದಿನ ವರ್ಷದ ಮಾತು. ವಯಸ್ಸಾದವರ ಆಸ್ತಿ, ಆರೈಕೆಯ ವ್ಯವಹಾರವನ್ನೇ ನೋಡುವ ವಕೀಲೆ ರೆನಾಟಾ ಅವರ ಕಚೇರಿಗೆ ಅಪ್ಪನನ್ನು ಕರೆತಂದವನು ಡೆಲ್ಮರ್. "ನೀನು ಗಾಡೀಲೇ ಇರು. ನಿನ್ನ ಬೂಟು ನೋಡು, ಸಗಣಿ," ಎಂದಿದ್ದಳು ಲವೋನ್.

ರೆನಾಟಾ ಬಿಡಿಸಿ ಹೇಳಿದರು. "ನರ್ಸಿಂಗ್ ಹೋಮಿನ ಖರ್ಚು ಸರ್ಕಾರ ಕೊಟ್ರೆ, ಇವರು ಹೋದ್ಮೇಲೆ ಅದನ್ನ ಮನೆಯಿಂದ ವಸೂಲಿ ಮಾಡತ್ತೆ. ಸುಮ್ನೆ ಯಾರಿಗೋ ಬರೆದುಕೊಡೋಕೂ ಆಗಲ್ಲ. ಆದ್ರೆ ಎರಡು ವರ್ಷ ಜೊತೇಲೇ ಇದ್ದು ನೋಡ್ಕೊಂಡ ಮಗನೋ ಮಗಳೋ ಇದ್ರೆ ಅವರಿಗೆ ಕೊಡಬಹುದು. ಯಾರಿದ್ರು?"

ಕಿಟಕಿಯಾಚೆ ಡೆಲ್ಮರ್ ಗಾಡಿಗೆ ಒರಗಿ ನಿಂತಿದ್ದ. ಅಪ್ಪನನ್ನು ಮೀಯಿಸಿದವನು, ಸಕ್ಕರೆ ಕಾಯಿಲೆಯಿಂದಾದ ಕಾಲಿನ ಹುಣ್ಣು ತೊಳೆದವನು ಅವನು. ಕುಡಿತ ಬಿಟ್ಟು ಮೂರು ವರ್ಷವಾಗಿತ್ತು. ಆದರೂ ಇವನ ಕೈಯಲ್ಲಿ ಮನೆ ಉಳಿಯದು ಎಂದು ಲವೋನ್ ತನಗೆ ತಾನೇ ಹೇಳಿಕೊಂಡಳು.

"ನಾನು," ಎಂದಳು. ಇನ್ನೂರು ಮೈಲಿಯಾಚೆಯಿಂದ ತಿಂಗಳಿಗೊಂದು ಭಾನುವಾರ ಬರುತ್ತಿದ್ದವಳು.

ರೆನಾಟಾ ಅವಳನ್ನು ಹೊರಗೆ ಕೂರಿಸಿ ಅಪ್ಪನೊಬ್ಬನನ್ನೇ ಕೇಳಿದರು. ಬಾಗಿಲು ತೆಳುವಾಗಿತ್ತು. ಬಹಳ ಹೊತ್ತಿನ ಮೇಲೆ ಅಪ್ಪನ ದನಿ ಬಂತು: "ಮಗಳು ಹೇಳಿದಾಳಲ್ಲ. ಹಾಗೇ ಬರ್ಕೊಳ್ಳಿ."

ಹಾಲಿನ ಅಳತೆಯಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಬರೆದವನಲ್ಲ ಆ ಮನುಷ್ಯ. ಮಗಳ ಮಾನ ಹೋಗಬಾರದೆಂದು ದೇವರಾಣೆ ಮಾಡಿ ಅಫಿಡವಿಟ್ಟಿಗೆ ಸಹಿ ಹಾಕಿ ತಾನು ಸುಳ್ಳಾದ.

ಅಪ್ಪ ನರ್ಸಿಂಗ್ ಹೋಮಿಗೆ ಸೇರಿದ, ಮನೆ ಲವೋನಳ ಹೆಸರಿಗಾಯಿತು. ಡೆಲ್ಮರ್ ಬಟ್ಟೆಬರೆ ಕಟ್ಟಿಕೊಂಡು ಬೂಸದಂಗಡಿಯ ಮೇಲಿನ ಕೋಣೆಗೆ ಹೋದ. ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಪಕ್ಕದ ಮನೆಯ ಮುದುಕಿ ಆರ್ಡಿಸ್ ಲವೋನಳ ತಟ್ಟೆಗೆ ಹ್ಯಾಮ್ ಇಟ್ಟ ಬನ್ನು ಹಾಕಿದಳು.

"ಇನ್ನೊಂದು ತಗೋ ಮಗಳೇ. ಎರಡು ವರ್ಷ ನಿದ್ದೆಗೆಟ್ಟಿದೀಯ, ಪಾಪ."

"ಸಾಕು, ಆರ್ಡಿಸ್."

"ನಾನು ಪಕ್ಕದಲ್ಲೇ ಇದ್ದೆ ನೋಡು, ನಿನ್ನ ಮುಖಾನೇ ಕಾಣ್ಲಿಲ್ಲ. ಅಷ್ಟು ಕೆಲಸ ಇತ್ತೇನೋ ಒಳಗೆ!"

ಯಾರೋ ಕಾಫಿಯೊಳಗೇ ನಕ್ಕರು. ಎದುರಿಗೆ ಕೂತಿದ್ದ ರೆನಾಟಾ ಬಟ್ಟಲು ಕೆಳಗಿಟ್ಟರು. "ಹಾಗಾದ್ರೆ ಇದ್ದದ್ದು ಯಾರು?"

ಆರ್ಡಿಸ್ ಬನ್ನಿನ ತಟ್ಟೆ ಎತ್ತಿಕೊಂಡು ಪಕ್ಕದ ಮೇಜಿಗೆ ಸರಿದಳು.

"ನನ್ನ ತಮ್ಮ," ಎಂದಳು ಲವೋನ್.

ರೆನಾಟಾ ಮೇಜಿನ ಮೇಲೆ ಅವಳ ಕಡೆ ಬಾಗಿದರು. "ಅವತ್ತು ಈ ಮಾತೊಂದು ಸಾಕಿತ್ತಲ್ಲಮ್ಮ. ಅದೇ ಕಾಗದ, ಹೆಸರು ಮಾತ್ರ ಅವನದು."

"ಈಗ?"

"ಸುಳ್ಳು ಹೇಳಿದೆ ಅಂತ ನೀವೇ ಸರ್ಕಾರಕ್ಕೆ ಬರೆದುಕೊಡಬೇಕು. ಶಿಕ್ಷೆನೂ ಆಗಬಹುದು. ಬೇರೆ ವಕೀಲರನ್ನ ಹಿಡೀರಿ. ನಾನು ನಿಮ್ಮಪ್ಪನ ಕಡೆಯ ವಕೀಲೆ."

"ಸೋಮವಾರ ಬರೆದುಕೊಡ್ತೀನಿ. ಮನೇನೂ ಅವನಿಗೇ." ಮೇಜಿನವರಿಗೆಲ್ಲ ಕೇಳಿಸಿತು. ಯಾರೂ ನಗಲಿಲ್ಲ.

ಅಡುಗೆಕೋಣೆಯಲ್ಲಿ ಡೆಲ್ಮರ್ ಅಂಗಿಯ ತೋಳು ಮಡಚಿ ಬಟ್ಟಲು ತೊಳೆಯುತ್ತಿದ್ದ. ಲವೋನ್ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತು ಒರೆಸಿದಳು.

"ಪಾದ್ರಿ ಓದಿದ್ದು, ನಾನು ಬರೆದದ್ದು ಕಣೋ."

"ಗೊತ್ತು."

"ಅದು ಸುಳ್ಳು ಅಂತ ಅಪ್ಪಂಗೂ ಗೊತ್ತಿತ್ತು."

"ಅದನ್ನೇ ಹೇಳ್ಕೊಂಡು ಅಳ್ತಿದ್ದ," ಎಂದ ಡೆಲ್ಮರ್.

ಲವೋನ್ ಕೈಚೀಲ ತೆರೆದಳು. ಗೊಂಚಲಿನಿಂದ ಮನೆಯ ಕೀಲಿ ಬಿಡಿಸುವಷ್ಟರಲ್ಲಿ ಉಗುರು ಮುರಿಯಿತು. ಅವನ ಎರಡೂ ಕೈ ಸೋಪಿನ ನೀರಿನಲ್ಲಿದ್ದವು. ಅವಳು ಕೀಲಿಯನ್ನು ಅವನ ಬಿಳಿ ಅಂಗಿಯ ಜೇಬಿಗೆ ಹಾಕಿದಳು. ಅವನು ಒದ್ದೆ ಕೈಯಿಂದಲೇ ಜೇಬು ಮುಟ್ಟಿ ನೋಡಿಕೊಂಡ. ಅಂಗಿಯ ಮೇಲೆ ಐದು ಬೆರಳೂ ಮೂಡಿದವು.